‘ನಾವು’ ಮೊದಲು, ‘ನಾನು’ ಆಮೇಲೆ

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಏಕವಚನ ಎಡಗಡೆ, ಬಹುವಚನ ಬಲಗಡೆ. ನಾನು, ನಾವು. ನೀನು, ನೀವು. ಒಂದು ಮೊದಲು ಇತ್ತು, ಅದು ಬೆಳೆದು ಹಲವಾಯಿತು ಎಂದು ಯಾರೂ ಹೇಳಿಕೊಡದಿದ್ದರೂ ನಂಬಿಬಿಡುತ್ತೇವೆ. ಕನ್ನಡದ ಉತ್ತಮ ಪುರುಷ ಸರ್ವನಾಮದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ‘ನಾವು’ ಎಂಬುದೇ ಹಿರಿಯ ಪದ. ‘ನಾನು’ ಅದನ್ನು ನೋಡಿಕೊಂಡು ಹುಟ್ಟಿದ ಪದ. ದ್ರಾವಿಡ ಭಾಷೆಗಳ ಚರಿತ್ರೆಯಲ್ಲಿ ನನಗೆ ಇದರಷ್ಟು ಖುಷಿ ಕೊಟ್ಟ ಸಂಗತಿ ಇನ್ನೊಂದಿಲ್ಲ.

‘ನಾನು’ ಇಲ್ಲದಿದ್ದಾಗ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಉತ್ತರ ನಮ್ಮ ಬಾಯಲ್ಲೇ ಇದೆ. ಪಂಪನ ‘ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಂಬ ಸಾಲನ್ನು ಹೇಳುವಾಗ ‘ಎನ್ನ’ ಎನ್ನುತ್ತೇವೆ, ‘ನನ್ನ’ ಎನ್ನುವುದಿಲ್ಲ. ಇದು 10ನೇ ಶತಮಾನದ ಕಾವ್ಯ. ಹಳಗನ್ನಡದಲ್ಲಿ ‘ಆನ್’ ಅಥವಾ ‘ಆಂ’ ಎಂದರೆ ನಾನು, ‘ಎನ್ನ’ ಎಂದರೆ ನನ್ನ. ಪಕ್ಕದಲ್ಲೇ ಅದೇ ಅರ್ಥದ ಹೊಸ ರೂಪ ‘ನಾಂ’ ಕೂಡ ಓಡಾಡುತ್ತಿತ್ತು. 12ನೇ ಶತಮಾನದ ಬಸವಣ್ಣನವರ ಒಂದೇ ವಚನದಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ ಕೂತಿವೆ: ‘ನಾನೇನ ಮಾಡುವೆ ಬಡವನಯ್ಯಾ, ಎನ್ನ ಕಾಲೇ ಕಂಬ’. ಒಂದು ಉಸಿರಿನಲ್ಲಿ ‘ನಾನು’, ಮರು ಉಸಿರಿನಲ್ಲಿ ‘ಎನ್ನ’. ಈ ವಚನವನ್ನು ಸಾವಿರ ಸಲ ಕೇಳಿದವರಿಗೂ ಈ ಬೆರಕೆ ಕಿವಿಗೆ ಬಿದ್ದಿರುವುದಿಲ್ಲ, ಎರಡೂ ನಮಗೆ ಅಷ್ಟು ಸಹಜ.

ನಂಟರ ಮನೆಗಳಲ್ಲಿ ಹಳೆಯ ರೂಪ ಇನ್ನೂ ಸ್ಪಷ್ಟ. ತುಳುವಿನಲ್ಲಿ ‘ಯಾನ್’. ತಮಿಳಿನ ಸಂಗಂ ಕಾವ್ಯಗಳಲ್ಲಿ ಎಲ್ಲೆಲ್ಲೂ ‘ಯಾನ್’. ಹಳೆಯ ತೆಲುಗಿನಲ್ಲಿ ‘ಏನು’. ಜಾರ್ಖಂಡ್ ಕಡೆಯ ಕುಡುಖ್ ಭಾಷೆಯಲ್ಲಿ ‘ಏನ್’. ಹವ್ಯಕರ ಮನೆಮಾತಿನಲ್ಲಿ ಇವತ್ತಿಗೂ ‘ಆನು’. ಇಷ್ಟು ದೂರದೂರದ ಭಾಷೆಗಳು ಒಂದೇ ಮಾತು ಹೇಳುತ್ತಿವೆ: ಮೂಲ ಪದದ ಮೊದಲಿಗೆ ‘ನ’ಕಾರ ಇರಲಿಲ್ಲ. ಭಾಷಾವಿಜ್ಞಾನಿಗಳು ಮೂಲ ದ್ರಾವಿಡದಲ್ಲಿ, ಅಂದರೆ ಈ ಭಾಷೆಗಳೆಲ್ಲ ಕವಲೊಡೆದ ತಾಯಿ ಭಾಷೆಯಲ್ಲಿ, ‘ಯಾನ್’ ಎಂಬ ರೂಪವನ್ನು ಊಹಿಸುವುದು ಇದರಿಂದಲೇ. ಹಾಗಾದರೆ ‘ನಾನು’ವಿನ ಮೊದಲ ‘ನ’ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಬೇಕಾದರೆ ಮೂಲ ದ್ರಾವಿಡದಲ್ಲಿ ‘ನಾವು’ ಎರಡಿದ್ದವು ಎಂಬುದನ್ನು ತಿಳಿಯಬೇಕು. ಕೇಳುವವನನ್ನು ಹೊರಗಿಟ್ಟ ‘ನಾವು’ ಒಂದು, ಅದು ‘ಯಾಮ್’. ಕೇಳುವವನನ್ನೂ ಸೇರಿಸಿಕೊಂಡ ‘ನಾವು’ ಇನ್ನೊಂದು, ಅದು ‘ಞಾಮ್’, ಮುಂದೆ ‘ನಾಮ್’. ತೆಲುಗಿನವರ ‘ಮೇಮು’ ಮತ್ತು ‘ಮನಮು’, ತಮಿಳರ ‘ನಾಂಗಳ್’ ಮತ್ತು ‘ನಾಮ್’, ಮಲಯಾಳಿಗಳ ‘ಞಙ್ಙಳ್’ ಮತ್ತು ‘ನಮ್ಮಳ್’, ತುಳುವರ ‘ಎಂಕ್ಲ್’ ಮತ್ತು ‘ನಮ’, ಹವ್ಯಕರ ‘ಎಂಗೊ’ ಮತ್ತು ‘ನಾವು’ ಇದೇ ಭೇದವನ್ನು ಇಂದಿಗೂ ಹೇಳುತ್ತವೆ. ಕನ್ನಡದ ಬಹುಪಾಲು ಜನರ ಮಾತಿನಲ್ಲಿ ಅದು ಅಳಿಸಿಹೋಗಿದೆ. ಬಲೂಚಿಸ್ತಾನದ ದ್ರಾವಿಡ ಭಾಷೆ ಬ್ರಾಹುಯಿಯಲ್ಲೂ ಇಲ್ಲ.

ಈಗ ಹಳೆಯ ಸರ್ವನಾಮಗಳನ್ನು ಸಾಲಾಗಿ ಇಟ್ಟು ನೋಡಿ. ಕೊನೆಯಲ್ಲಿ ‘ನ್’ ಇದ್ದರೆ ಒಬ್ಬ, ‘ಮ್’ ಇದ್ದರೆ ಹಲವರು. ನೀನ್, ನೀಮ್. ತಾನ್, ತಾಮ್. ಯಾನ್, ಯಾಮ್. ಎಷ್ಟು ಅಚ್ಚುಕಟ್ಟು! ಆದರೆ ‘ನಾಮ್’ ಮಾತ್ರ ಒಂಟಿ, ಅದಕ್ಕೆ ಏಕವಚನವಿಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ‘ನೀನೂ ನಾನೂ ಸೇರಿ’ ಎಂಬ ಅರ್ಥದಲ್ಲಿ ಕನಿಷ್ಠ ಇಬ್ಬರು ಇರಲೇಬೇಕು. ಅರ್ಥದ ಲೆಕ್ಕದಲ್ಲಿ ಆ ಜಾಗ ಖಾಲಿಯೇ ಇರಬೇಕಾದದ್ದು. ಆದರೆ ನಾಲಿಗೆ ಅರ್ಥದ ಲೆಕ್ಕವನ್ನಷ್ಟೇ ಹಿಡಿದು ನಡೆಯುವುದಿಲ್ಲ, ಸಾಲಿನ ಲಯವನ್ನೂ ಹಿಡಿಯುತ್ತದೆ. ಪಂಕ್ತಿಯಲ್ಲಿ ಎಲೆ ಹಾಕಿ, ಪಲ್ಯ ಕೋಸಂಬರಿ ಬಡಿಸಿಟ್ಟು, ಒಂದು ಜಾಗ ಮಾತ್ರ ಖಾಲಿ ಉಳಿದರೆ ಬಾಗಿಲಲ್ಲಿ ನಿಂತ ಯಾರನ್ನಾದರೂ ಕರೆದು ಕೂರಿಸುತ್ತಾರಲ್ಲ, ಅದೇ ಆಯಿತು. ನೀಮ್‌ಗೆ ನೀನ್, ತಾಮ್‌ಗೆ ತಾನ್, ಹಾಗಾದರೆ ನಾಮ್‌ಗೆ? ನಾನ್. ಇಂಥ ಪದವನ್ನು ಯಾರೂ ಕುಳಿತು ಯೋಚಿಸಿ ಮಾಡಲಿಲ್ಲ. ಮಕ್ಕಳು ಭಾಷೆ ಕಲಿಯುವಾಗ ಮಾದರಿ ಹಿಡಿದು ಇಂಥವನ್ನು ದಿನಾ ಮಾಡುತ್ತಿರುತ್ತಾರೆ, ಹೆಚ್ಚಿನವು ಬಿದ್ದುಹೋಗುತ್ತವೆ, ಕೆಲವು ನಿಲ್ಲುತ್ತವೆ. ಇದು ನಿಂತಿತು. ಭದ್ರಿರಾಜು ಕೃಷ್ಣಮೂರ್ತಿಯವರಂಥ ದ್ರಾವಿಡ ಭಾಷಾಶಾಸ್ತ್ರಜ್ಞರು ಕೊಡುವ ವಿವರಣೆ ಇದು. ಇದಕ್ಕೆ ಒಳ್ಳೆಯ ಪುರಾವೆ ಮಲಯಾಳದ ‘ಞಾನ್’. ಮೂಲದ ‘ಯಾನ್’ನಲ್ಲಿ ಇಲ್ಲದ ‘ಞ’ಕಾರ ಅಲ್ಲಿಗೆ ಬರಬೇಕಾದರೆ ‘ಞಾಮ್’ನಿಂದಲೇ ಬರಬೇಕು.

ಸರ್ವನಾಮಗಳು ಹೀಗೆ ಒಂದರ ಬಟ್ಟೆ ಇನ್ನೊಂದು ಉಡುವುದು ಲೋಕದಲ್ಲಿ ಹೊಸದಲ್ಲ. ಹಿಂದಿಯ ‘ಮುಝೇ’ (ನನಗೆ), ‘ತುಝೇ’ (ನಿನಗೆ) ನೋಡಿ. ಸಂಸ್ಕೃತದ ‘ಮಹ್ಯಂ’ ಪ್ರಾಕೃತದಲ್ಲಿ ‘ಮಜ್ಝ’ ಆಯಿತು, ಇದು ನಿಯಮದಂತೆ ನಡೆದ ಧ್ವನಿಬದಲಾವಣೆ. ಆದರೆ ‘ತುಭ್ಯಂ’ನಲ್ಲಿ ‘ಹ್ಯ’ ಇಲ್ಲವೇ ಇಲ್ಲ, ಆದರೂ ಪ್ರಾಕೃತದಲ್ಲಿ ‘ತುಜ್ಝ’ ಎಂಬ ರೂಪವಿದೆ. ‘ಮಜ್ಝ’ ತನ್ನ ‘ಜ್ಝ’ವನ್ನು ‘ತುಜ್ಝ’ಕ್ಕೆ ಕೊಟ್ಟಿತು. ಕೆಲವು ಶತಮಾನ ಕಳೆದ ಮೇಲೆ ‘ತುಝ’ ತನ್ನ ‘ಉ’ಕಾರವನ್ನು ಹಿಂದಿರುಗಿಸಿ ಕೊಟ್ಟು ‘ಮಝ’ವನ್ನು ‘ಮುಝ’ ಮಾಡಿತು. ಮರಾಠಿ ಈ ಎರಡನೇ ಕೊಡುಕೊಳ್ಳುವಿಕೆಯಲ್ಲಿ ಸೇರಲಿಲ್ಲ, ಅಲ್ಲಿ ಇನ್ನೂ ‘ಮಾಝಾ’, ‘ತುಝಾ’. ಹಿಂದಿಯ ‘ಮೈಂ’ ಕೂಡ ಸಂಸ್ಕೃತದ ‘ಅಹಂ’ನಿಂದ ಬಂದದ್ದಲ್ಲ. ಅದರ ಮೂಲ ‘ಮಯಾ’, ಅಂದರೆ ‘ನನ್ನಿಂದ’. ವಾಕ್ಯದ ಮೂಲೆಯಲ್ಲಿದ್ದ ತೃತೀಯಾ ವಿಭಕ್ತಿಯ ರೂಪ ಕರ್ತೃವಿನ ಪೀಠಕ್ಕೇರಿತು.

‘ನಾನು’ ಎಂಬುದು ‘ಅಹಂ’ನ ಅಪಭ್ರಂಶ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದೆ. ಯಾವ ಧ್ವನಿನಿಯಮವೂ ‘ಅಹಂ’ ಅನ್ನು ‘ನಾನು’ ಮಾಡಲಾರದು. ಸಂಸ್ಕೃತದ ‘ಅಹಂ’, ಲ್ಯಾಟಿನ್ನಿನ ‘ಎಗೋ’, ಹಳೆಯ ಇಂಗ್ಲಿಷಿನ ‘ಇಚ್’ ಒಂದು ಕುಟುಂಬ. ನಮ್ಮ ಕರಾವಳಿಯ ಕೊಂಕಣಿಯ ‘ಹಾಂವ್’ ಕೂಡ ಆ ಕುಟುಂಬದ್ದೇ. ‘ಆನ್’, ‘ಯಾನ್’, ‘ಏನ್’ ಬೇರೆ ಕುಟುಂಬ. 1816ರಲ್ಲಿ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ದಕ್ಷಿಣದ ಭಾಷೆಗಳು ಬೇರೆ ಕುಟುಂಬ ಎಂದು ತೋರಿಸಿದರು. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಆ ಕುಟುಂಬದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಇಷ್ಟು ವರ್ಷಗಳಾದ ಮೇಲೂ ಇದನ್ನು ಮತ್ತೆ ಮೊದಲಿನಿಂದ ಹೇಳಬೇಕಾಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

‘ನಾನ್’ ಬಂದ ಮೇಲೆ ಏನಾಯಿತು ಎಂಬುದು ಇನ್ನೂ ಸೊಗಸು. ತಮಿಳಿನಲ್ಲಿ ‘ಯಾನ್’ ಮಾಸಿತು, ಅದರ ಜೊತೆ ‘ಯಾಮ್’ ಕೂಡ. ಕೇಳುವವನನ್ನು ಹೊರಗಿಡುವ ‘ನಾವು’ ಕೈತಪ್ಪಿತು. ತಮಿಳರು ಬಹುವಚನದ ‘ಕಳ್’ ಹಚ್ಚಿ ‘ನಾಂಗಳ್’ ಎಂಬ ಹೊಸ ರೂಪ ಮಾಡಿಕೊಂಡರು, ಕಳೆದದ್ದು ಮರಳಿ ಸಿಕ್ಕಿತು. ಮಲಯಾಳದ ‘ಞಙ್ಙಳ್’ ಕೂಡ ಅದೇ ಬಗೆಯದು. ಕನ್ನಡ ಈ ದುರಸ್ತಿ ಮಾಡಲಿಲ್ಲ. ನಾನು, ನಾವು ಎಂಬ ಜೋಡಿ ನೀನು, ನೀವು ಮತ್ತು ತಾನು, ತಾವು ಜೋಡಿಗಳ ಜೊತೆ ಎಷ್ಟು ಚೆನ್ನಾಗಿ ಕೂತಿತೆಂದರೆ ‘ಆನ್’ನ ಜೊತೆಗಿದ್ದ ಹಳೆಯ ಬಹುವಚನಕ್ಕೆ ಕೆಲಸವೇ ಉಳಿಯಲಿಲ್ಲ. ಎಲ್ಲರನ್ನೂ ಸೇರಿಸುವ ‘ನಾವು’ ಎರಡೂ ಕೆಲಸ ಹೊತ್ತುಕೊಂಡಿತು.

ಅದಕ್ಕೇ ನಾವು ‘ನಮ್ಮನೆಗೆ ಬನ್ನಿ’ ಎನ್ನುತ್ತೇವೆ. ಆ ಮನೆ ಕೇಳುವವರದಲ್ಲ, ಆದರೂ ಬಳಸುವ ಪದ ಹುಟ್ಟಿನಿಂದ ಕೇಳುವವರನ್ನು ಒಳಗೊಂಡದ್ದು. ತೆಲುಗಿನವರು ಇಲ್ಲಿ ‘ಮಾ ಇಂಟಿಕಿ’ ಎನ್ನಲೇಬೇಕು, ‘ಮನ ಇಂಟಿಕಿ’ ಎಂದರೆ ಆ ಮನೆ ನಿಮ್ಮದೂ ಆಗುತ್ತದೆ. ತುಳುವಿನಲ್ಲಿ ‘ಎಂಕ್ಲೆನ ಇಲ್ಲಡೆ ಬಲೆ’. ಹವ್ಯಕರಲ್ಲಿ ‘ಎಂಗಳ ಮನೆ’. ಚೆನ್ನೈ, ಹೈದರಾಬಾದಿಗೆ ಹೋದ ಕನ್ನಡಿಗರು ಆ ಭಾಷೆಗಳನ್ನು ಸರಾಗವಾಗಿ ಕಲಿತ ಮೇಲೂ ಇಲ್ಲಿ ಮಾತ್ರ ತಡವರಿಸುತ್ತಾರೆ.

ಈ ಸಂಗತಿ ಕೇಳಿದ ಕೂಡಲೇ ‘ನೋಡಿ, ಕನ್ನಡಿಗರು ಯಾರನ್ನೂ ಹೊರಗಿಡುವುದಿಲ್ಲ, ಭಾಷೆಯಲ್ಲೇ ಔದಾರ್ಯವಿದೆ’ ಎನ್ನುವವರು ಇದ್ದಾರೆ. ದಯವಿಟ್ಟು ಬೇಡ. ಸರ್ವನಾಮ ನೋಡಿ ಜನರ ಸ್ವಭಾವ ಹೇಳುವುದು ಮುಖಲಕ್ಷಣ ಶಾಸ್ತ್ರಕ್ಕಿಂತ ಮೇಲೇನಲ್ಲ. ಮರಾಠಿಯಲ್ಲಿ ‘ಆಮ್ಹಿ’ ಮತ್ತು ‘ಆಪಣ್’ ಎಂಬ ಭೇದವಿದೆ. ಸಂಸ್ಕೃತದಿಂದ ಅದು ಬರಲಿಲ್ಲ, ದ್ರಾವಿಡ ಭಾಷೆಗಳ ಒಡನಾಟದಿಂದ ಬಂತು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅದು ಬಂದ ಮೇಲೆ ಮರಾಠಿಗರು ಹೆಚ್ಚು ಜಿಪುಣರಾದರೇ? ಇಂಗ್ಲಿಷಿನಲ್ಲಿ ‘ಐ’ ದೊಡ್ಡಕ್ಷರದಲ್ಲಿರುವುದು ಅವರ ಅಹಂಕಾರ ಎನ್ನುವ ಮಾತೂ ಇದೇ ಜಾತಿಯದು. ಹಳೆಯ ‘ಇಚ್’ ಸವೆದು ಒಂದೇ ಒಂದು ಪುಟ್ಟ ಅಕ್ಷರ ಉಳಿದಾಗ, ಕೈಬರಹದಲ್ಲಿ ಅದು ಅಕ್ಕಪಕ್ಕದ ಗೀಟುಗಳಲ್ಲಿ ಕಳೆದುಹೋಗದಿರಲಿ ಎಂದು ಲಿಪಿಕಾರರು ಉದ್ದ ಎಳೆದರು, ಅಷ್ಟೆ. ಜಪಾನಿ ಗಂಡಸರು ಬಳಸುವ ‘ಬೊಕು’ವಿನ ಲಿಪಿಚಿಹ್ನೆಗೆ ಸೇವಕ ಎಂಬ ಅರ್ಥವಿದೆ. ಇಂಡೋನೇಷ್ಯಾದವರ ‘ಸಾಯಾ’ ನಮ್ಮ ‘ಸಹಾಯ’ ಪದವೇ: ಸಂಸ್ಕೃತದಲ್ಲಿ ಜೊತೆಗಾರ, ಅಲ್ಲಿಗೆ ಹೋಗಿ ಸೇವಕ, ಕೊನೆಗೆ ‘ನಾನು’. ವಿನಯಕ್ಕೆಂದು ಬಂದ ಪದ ಬಳಸಿ ಬಳಸಿ ಬರೀ ‘ನಾನು’ ಆಗಿಬಿಡುತ್ತದೆ, ಇಂದು ‘ಸಾಯಾ’ ಎನ್ನುವವರು ಯಾರೂ ತಲೆ ತಗ್ಗಿಸಿ ನಿಂತಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಚೀನಾದಲ್ಲಿ ಎಲ್ಲರೂ ಬಳಸಬಹುದಾಗಿದ್ದ ‘ಝೆನ್’ ಎಂಬ ‘ನಾನು’ವನ್ನು ಕ್ರಿ.ಪೂ. 221ರಲ್ಲಿ ಮೊದಲ ಸಾಮ್ರಾಟ ಚಿನ್ ಶಿ ಹುವಾಂಗ್ ತನಗೊಬ್ಬನಿಗೇ ಮೀಸಲಿಟ್ಟುಕೊಂಡ.

ಯೂರೋಪಿನ ಭಾಷೆಗಳಲ್ಲಿ ಎರಡು ‘ನಾವು’ಗಳ ಭೇದ ಇಲ್ಲದ ಕಾರಣ ಅಲ್ಲಿಯ ಪಂಡಿತರು ಅದನ್ನು ಮೊದಲು ಕಂಡದ್ದು ಪೆರುವಿನಲ್ಲಿ. ಡೊಮಿಂಗೊ ದೆ ಸಾಂತೊ ತೊಮಾಸ್ ಎಂಬ ಪಾದ್ರಿ 1560ರಲ್ಲಿ ಪ್ರಕಟಿಸಿದ, ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಕೆಚುವಾದ ವ್ಯಾಕರಣದಲ್ಲಿ ಅದನ್ನು ವಿವರಿಸಿದ. ತಮಿಳು ವ್ಯಾಕರಣ ಪರಂಪರೆಗೆ ಇದು ಹೊಸದಲ್ಲ. ಅಲ್ಲಿ ‘ಉಳಪ್ಪಾಡು’ ಎಂಬ ಮಾತಿನಿಂದ, ಅಂದರೆ ಒಳಪಡಿಸಿಕೊಳ್ಳುವುದು ಎಂಬ ಅರ್ಥದಲ್ಲಿ, ಇದನ್ನು ಗುರುತಿಸುತ್ತಾರೆ. ಲೋಕದ ಭಾಷೆಗಳ ಹೋಲಿಕೆಯ ಸಮೀಕ್ಷೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಷೆಗೆ ಈ ಭೇದವಿದೆ. ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಇಂಗ್ಲಿಷ್ ಪದಗಳಿಂದ ಕಟ್ಟಿದ ಭಾಷೆ. ಇಂಗ್ಲಿಷಿನಲ್ಲಿ ಇಲ್ಲದ ಭೇದವನ್ನು ಅಲ್ಲಿನ ಜನ ತಮ್ಮ ಮನೆಮಾತಿನ ಅಭ್ಯಾಸದಿಂದ ತಂದು ಕಟ್ಟಿಕೊಂಡರು: ‘ಯೂ’ ಮತ್ತು ‘ಮಿ’ ಸೇರಿಸಿ ‘ಯುಮಿ’, ಕೇಳುವವನನ್ನು ಬಿಟ್ಟರೆ ‘ಮಿಪೆಲಾ’. ಪಕ್ಕದ ವನುವಾಟುವಿನ ಭಾಷೆಯಲ್ಲೂ ‘ಯುಮಿ’ ಇದೆ, ಅವರ ರಾಷ್ಟ್ರಗೀತೆಯ ಹೆಸರೇ ‘ಯುಮಿ, ಯುಮಿ, ಯುಮಿ’. 1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದಾಗ ಮಾತ್ರ ಆರಿಸಿಕೊಂಡದ್ದು ‘ಕಾಮಿ’, ಹೊರಗಿಡುವ ‘ನಾವು’. ಅಲ್ಲಿ ಕೇಳುತ್ತಿದ್ದದ್ದು ಉಳಿದ ಲೋಕ, ಆದ್ದರಿಂದ ಆ ಆಯ್ಕೆ ತೀರ ಸರಿ.

ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ತೆಗೆದುಕೊಳ್ಳಿ. ‘ನಾವು, ಭಾರತದ ಜನ’ ಎಂಬಲ್ಲಿ ಯಾವ ‘ನಾವು’? ಮರಾಠಿಯಲ್ಲಿ ‘ಆಮ್ಹಿ’, ತೆಲುಗಿನಲ್ಲಿ ‘ಮೇಮು’, ಎರಡೂ ಕೇಳುವವರನ್ನು ಹೊರಗಿಟ್ಟವು. ತಮಿಳು, ಮಲಯಾಳಗಳಲ್ಲಿ ‘ನಾಮ್’, ಎಲ್ಲರನ್ನೂ ಸೇರಿಸಿಕೊಂಡದ್ದು. ಎರಡಕ್ಕೂ ಕಾರಣವಿದೆ. ಜನ ಲೋಕದ ಮುಂದೆ ನಿಂತು ಘೋಷಿಸುತ್ತಿದ್ದಾರೆ ಎಂದುಕೊಂಡರೆ ಮೊದಲನೆಯದು ಸರಿ. ಓದುವ ಪ್ರಜೆಯೂ ಅದರ ಕರ್ತೃ ಎಂದುಕೊಂಡರೆ ಎರಡನೆಯದು. ನನಗಂತೂ ತಮಿಳು, ಮಲಯಾಳಗಳ ಆಯ್ಕೆಯೇ ಹೆಚ್ಚು ಹಿಡಿಸುತ್ತದೆ. ಕನ್ನಡದ ಅನುವಾದಕರಿಗೆ ಈ ತಲೆನೋವು ಬರಲೇ ಇಲ್ಲ. ಆದರೆ ಕನ್ನಡದಿಂದ ತೆಲುಗಿಗೆ ಅನುವಾದ ಮಾಡುವವರಿಗೆ ಪುಟಪುಟದಲ್ಲೂ ಬರುತ್ತದೆ. ‘ನಾಳೆ ನಾವು ಜಾತ್ರೆಗೆ ಹೋಗ್ತೀವಿ’ ಎಂಬ ವಾಕ್ಯದಲ್ಲಿ ಕೇಳುವ ಗೆಳೆಯನೂ ಹೊರಟಿದ್ದಾನೋ ಇಲ್ಲವೋ ಎಂಬುದನ್ನು ಕಥೆಯ ಹಿಂದುಮುಂದು ಓದಿ ತೀರ್ಮಾನಿಸಬೇಕು. ಕಂಪ್ಯೂಟರ್ ಅನುವಾದಕ್ಕೂ ಅದೇ ಪಾಡು, ಒಂದೇ ವಾಕ್ಯ ಕೊಟ್ಟರೆ ಅದು ಊಹಿಸಲೇಬೇಕು.

ಹಳೆಯ ರೂಪ ಕನ್ನಡದಿಂದ ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಲೇಬೇಕು. ‘ನಾನು ಬಂದೆನು’ ಎಂಬಲ್ಲಿ ಕ್ರಿಯಾಪದದ ಬಾಲವಾದ ‘ಎನು’ವನ್ನು ಗಮನಿಸಿ. ಕರ್ತೃವಾಗಿ ಕೂತಿರುವುದು ಹೊಸ ‘ನಾನು’, ಆದರೆ ಕ್ರಿಯಾಪದಕ್ಕೆ ಅಂಟಿರುವುದು ‘ಎನ್ನ’ದಲ್ಲಿ ಕಾಣುವ ಅದೇ ಹಳೆಯ ‘ಎನ್’. ‘ಬಂದೆವು’ ಎಂಬುದರ ‘ಎ’ ಕೂಡ ಅದೇ ಕಡೆಯದು. ನಾವು ದಿನವೂ ಒಂದೇ ವಾಕ್ಯದಲ್ಲಿ ಎರಡು ಕಾಲದ ‘ನಾನು’ವನ್ನು ಆಡುತ್ತಿದ್ದೇವೆ, ಒಂದು ತುದಿಯಲ್ಲಿ ಹೊಸದು, ಇನ್ನೊಂದು ತುದಿಯಲ್ಲಿ ಹಳೆಯದು.