ಹೆಸರೇ ದಾರಿ ತಪ್ಪಿಸಿದ ಹುಣ್ಣು

ಬೆಂಗಳೂರಿನ ಯಾವುದೇ ಕ್ಲಿನಿಕ್ಕಿಗೆ ಮಾಯದ ಕಾಲಿನ ಹುಣ್ಣು ತೋರಿಸಲು ಹೋದರೆ ಮೊದಲು ಎದುರಾಗುವುದು ‘ಶುಗರ್ ಇದೆಯೇ?’ ಎಂಬ ಪ್ರಶ್ನೆ. ಅದು ಸರಿಯಾದ ಪ್ರಶ್ನೆಯೇ. ಆದರೆ ‘ಭೇದಿಯಾಗುತ್ತದೆಯೇ, ಮಲದಲ್ಲಿ ರಕ್ತ ಹೋಗುತ್ತದೆಯೇ?’ ಎಂದೂ ಕೇಳಬೇಕಾದ ಹುಣ್ಣೊಂದಿದೆ: ಪಯೋಡರ್ಮಾ ಗ್ಯಾಂಗ್ರಿನೋಸಮ್.

1916ರಲ್ಲಿ ಫ್ರಾನ್ಸಿನ ಲೂಯಿ ಬ್ರಾಕ್ ಇಂಥ ಹುಣ್ಣನ್ನು ವರ್ಣಿಸಿದ್ದರು. ಈಗಿನ ಹೆಸರು ಬಂದದ್ದು 1930ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಿಂದ. ಬ್ರನ್‌ಸ್ಟಿಂಗ್ ಮತ್ತು ಸಂಗಡಿಗರು ನೋಡಿದ ಐವರು ರೋಗಿಗಳಲ್ಲಿ ನಾಲ್ವರಿಗೆ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್, ಇತ್ತು. ನಂಟನ್ನು ಅವರು ಸರಿಯಾಗಿಯೇ ಹಿಡಿದರು; ಎಡವಿದ್ದು ಕಾರಣದಲ್ಲಿ. ಬ್ಯಾಕ್ಟೀರಿಯಾದ ಕೆಲಸವೆಂದು ಭಾವಿಸಿ ಕೀವು, ಕೊಳೆತ ಎರಡನ್ನೂ ಹೆಸರಿಗೇ ಅಂಟಿಸಿದರು. ವಾಸ್ತವದಲ್ಲಿ ಇದು ಸೋಂಕೂ ಅಲ್ಲ, ಗ್ಯಾಂಗ್ರಿನ್ನೂ ಅಲ್ಲ. ದೇಹವನ್ನು ಕಾಯಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆರಳಿ ಚರ್ಮದ ಮೇಲೆಯೇ ಎರಗುತ್ತವೆ.

ಹೆಸರಿನ ತಪ್ಪು ಪುಸ್ತಕದಲ್ಲಷ್ಟೇ ಉಳಿದಿದ್ದರೆ ತಕರಾರಿರಲಿಲ್ಲ. ಕೊಳೆತಿದೆ ಎಂದುಕೊಂಡವರು ಕತ್ತರಿಸಿ ತೆಗೆಯುತ್ತಾರೆ. ಈ ಹುಣ್ಣೋ, ಪೆಟ್ಟು ಬಿದ್ದಷ್ಟೂ ಹಿಗ್ಗುತ್ತದೆ. ರೋಗ ಖಚಿತಪಡಿಸಲು ಅಂಚಿನಿಂದ ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿಯೂ ಒಂದು ಪೆಟ್ಟೇ. ಹಾಗೆಂದು ಅದನ್ನು ಬಿಡುವಂತಿಲ್ಲ, ಏಕೆಂದರೆ ಸೋಂಕು, ಕ್ಯಾನ್ಸರ್ ಅಲ್ಲವೆಂದು ತಿಳಿಯದೆ, ಕೆರಳಿದ ಕಣಗಳನ್ನು ತಣಿಸುವ ಸ್ಟೀರಾಯ್ಡ್ ಕೊಡುವುದು ಅಪಾಯ.

ಕರುಳಿನ ಉರಿಯೂತಕ್ಕೆ ಚರ್ಮದ ಮೇಲೆ ಬೇರೆ ನೆಂಟರೂ ಇದ್ದಾರೆ. ಜ್ವರದೊಂದಿಗೆ ನೋವಿನ ಕೆಂಪು ದದ್ದುಗಳೇಳುವ ಕಾಯಿಲೆಯನ್ನು 1964ರಲ್ಲಿ ಎಂಟು ಮಹಿಳೆಯರಲ್ಲಿ ಗುರುತಿಸಿದವರು ಇಂಗ್ಲೆಂಡಿನ ರಾಬರ್ಟ್ ಸ್ವೀಟ್. ಮೊಣಕಾಲ ಕೆಳಗೆ ಕೆಂಪು ಗಂಟುಗಳೇಳುವ ಎರಿಥೀಮಾ ನೋಡೋಸಮ್ ಹೆಚ್ಚು ಸಾಮಾನ್ಯ. ಕರುಳು ಕೆರಳಿದಾಗ ಅದೂ ಕೆರಳುತ್ತದೆ. ಪಯೋಡರ್ಮಾಕ್ಕೆ ಆ ಶಿಸ್ತಿಲ್ಲ. ಕೆಲವೊಮ್ಮೆ ಹೊಟ್ಟೆಯ ತೊಂದರೆ ಕಾಣಿಸುವ ಮೊದಲೇ ಬಂದು ಕೂರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ, ಕ್ಷಯ. ಕರುಳಿನ ಕ್ಷಯವೂ ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಯೂ ನೋಡಲು ಅವಳಿಗಳಂತೆ. ಕಾಲಿನ ಗಂಟುಗಳನ್ನು ಕ್ಷಯವೂ ಎಬ್ಬಿಸಬಲ್ಲದು. 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧ ಪಡೆದ ಪಯೋಡರ್ಮಾ ರೋಗಿಗಳಲ್ಲಿ ಶೇ 46ರಷ್ಟು ಜನ ಎರಡು ವಾರಗಳಲ್ಲೇ ಸುಧಾರಿಸಿದರು. ಹುಸಿ ಔಷಧ ಪಡೆದವರಲ್ಲಿ ಶೇ 6 ಮಾತ್ರ. ಆದರೆ ಅದೇ ಔಷಧ ಮೈಯಲ್ಲಿ ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲದು. ಹಾಗಾಗಿ ಹುಣ್ಣು ಕಾಲಿನಲ್ಲಿದ್ದರೂ, ರೋಗಿಯನ್ನು ಮೊದಲು ಎದೆಯ ಎಕ್ಸ್‌ರೇಗೆ ಕಳಿಸುತ್ತಾರೆ.