ಕರಡಿಗೆ ದನಿಯಾದ ತಿನ್ ತಾನ್

ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. ‘ಸರ್, ನನ್ನ ಕಂಠ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಡಬ್ಬಿಂಗ್‌ಗೆ ಒಂದು ಅವಕಾಶ ಕೊಡಿ.’ ಹಿಂದೆಯೇ ಧ್ವನಿಮುದ್ರಿಕೆಯೂ ಬರುತ್ತದೆ. ಹತ್ತರಲ್ಲಿ ಎಂಟು, ಯಾವುದೋ ದೊಡ್ಡ ನಟರ ಸಂಭಾಷಣೆಯ ಅನುಕರಣೆ. ಅನುಕರಣೆ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಇಂಥವರಿಗೆಲ್ಲ ನಾನು ಮೆಕ್ಸಿಕೊದ ಹಾಸ್ಯನಟ ಹೆರ್ಮಾನ್ ವಾಲ್ಡೆಸ್ ಕಥೆ ಹೇಳುತ್ತೇನೆ. ಜನ ಅವರನ್ನು ತಿನ್ ತಾನ್ ಎಂದೇ ಕರೆದರು. 1915ರಲ್ಲಿ ಹುಟ್ಟಿದವರು, ಬೆಳೆದದ್ದು ಅಮೆರಿಕದ ಗಡಿಗೆ ಅಂಟಿಕೊಂಡ ಸಿಯುದಾದ್ ಹುವಾರೆಸ್‌ನಲ್ಲಿ. ಅಲ್ಲಿನ ರೇಡಿಯೊ ಕೇಂದ್ರದಲ್ಲಿ ಚಿಲ್ಲರೆ ಕೆಲಸ ಮಾಡಿಕೊಂಡಿದ್ದಾಗ, ಮೈಕ್ ಆಫ್ ಆಗಿದೆ ಎಂದುಕೊಂಡು ಗಾಯಕ ಅಗುಸ್ತಿನ್ ಲಾರಾ ಅವರನ್ನು ಅನುಕರಿಸಿ ಸಿಕ್ಕಿಬಿದ್ದರು ಎಂಬ ಕಥೆ ಇದೆ. ನೋಡಿ, ಅವರೂ ಅನುಕರಣೆಯಿಂದಲೇ ಶುರು ಮಾಡಿದವರು. ಆದರೆ ಅಲ್ಲೇ ನಿಲ್ಲಲಿಲ್ಲ. ಪಚುಕೊ ಎನಿಸಿಕೊಂಡ ಗಡಿಯ ಶೋಕಿ ಹುಡುಗರ ದೊಗಲೆ ಸೂಟು, ಗರಿ ಸಿಕ್ಕಿಸಿದ ಹ್ಯಾಟು, ಇಂಗ್ಲಿಷ್ ಬೆರೆತ ಸ್ಪ್ಯಾನಿಷ್ ಎಲ್ಲವನ್ನೂ ವೇದಿಕೆಗೆ ತಂದರು. ಭಾಷೆ ಕೆಡಿಸುತ್ತಾನೆ ಎಂದು ಪಂಡಿತರು ಸಿಡುಕಿದರು. ಗೆಳೆಯ ಮಾರ್ಸೆಲೊ ಚಾವೆಸ್ ಜೊತೆಗೂಡಿ, ನಿರ್ದೇಶಕ ಹಿಲ್ಬೆರ್ತೊ ಮಾರ್ತಿನೆಸ್ ಸೊಲಾರೆಸ್ ಕೈಯಲ್ಲಿ ಅವರು ಮಾಡಿದ ಹಾಸ್ಯಚಿತ್ರಗಳನ್ನು ಅಲ್ಲಿನವರು ಈಗಲೂ ನೋಡುತ್ತಾರೆ.

ಐವತ್ತು ದಾಟಿದ ಮೇಲೆ ಡಿಸ್ನಿಯ ‘ಜಂಗಲ್ ಬುಕ್’ (1967) ಬಂತು. ನಮ್ಮ ಕಾಡಿನ ಕರಡಿ ಇಂಗ್ಲಿಷ್ ಪುಸ್ತಕ ಸೇರಿ, ಅಮೆರಿಕದಲ್ಲಿ ಕುಣಿದು, ಕೊನೆಗೆ ಮೆಕ್ಸಿಕೊದಲ್ಲಿ ಸ್ಪ್ಯಾನಿಷ್ ಕಲಿಯಿತು. ಡಬ್ಬಿಂಗ್ ನಿರ್ದೇಶಕ ಎಡ್ಮುಂಡೊ ಸಾಂತೋಸ್ ಬಲೂ ಪಾತ್ರಕ್ಕೆ ಆರಿಸಿದ್ದು ತಿನ್ ತಾನ್ ಅವರನ್ನು. ಇಂಗ್ಲಿಷ್‌ನಲ್ಲಿ ಆ ಕರಡಿಗೆ ದನಿ ಕೊಟ್ಟವರು ಫಿಲ್ ಹ್ಯಾರಿಸ್. ಹ್ಯಾರಿಸ್ ಅವರಂತೆ ಮಾತನಾಡಲು ತಿನ್ ತಾನ್ ಹೋಗಲೇ ಇಲ್ಲ. ತಮ್ಮ ಚಿತ್ರಗಳ ಆ ಸೋಮಾರಿ, ತುಂಟ, ಪ್ರೀತಿಯ ಪುಂಡನನ್ನೇ ಕರಡಿಯ ಚರ್ಮದೊಳಗೆ ಕೂರಿಸಿದರು. 1970ರ ‘ಅರಿಸ್ಟೊಕ್ಯಾಟ್ಸ್’ನ ಬೀದಿಬೆಕ್ಕಿಗೂ ಹೀಗೆಯೇ ಮಾಡಿದರು. ಆಗೆಲ್ಲ ಡಿಸ್ನಿ ಕಾರ್ಟೂನ್ ಚಿತ್ರಗಳಿಗೆ ಸ್ಪೇನ್‌ಗೂ ಸೇರಿಸಿ ಒಂದೇ ಸ್ಪ್ಯಾನಿಷ್ ಡಬ್ಬಿಂಗ್ ಇರುತ್ತಿದ್ದ ಕಾರಣ, ಮ್ಯಾಡ್ರಿಡ್‌ನ ಮಕ್ಕಳೂ ಇದೇ ದನಿ ಕೇಳಿ ಬೆಳೆದರು. 1973ರಲ್ಲಿ ತಿನ್ ತಾನ್ ತೀರಿಕೊಂಡರು. ಕರಡಿ ಇನ್ನೂ ಹಾಡುತ್ತಿದೆ.

ಕಂಠ ಬೇಡವೇ ಬೇಡ ಎನ್ನುತ್ತಿಲ್ಲ. ಕೆಲವು ಪಾತ್ರಗಳಿಗೆ ಗಡಸು ದನಿಯೇ ಬೇಕು. ಆದರೆ ಕಂಠ ಎಂದರೆ ಅಡುಗೆಮನೆಯಲ್ಲಿರುವ ಅಕ್ಕಿ. ಅನ್ನ ಇನ್ನೂ ಆಗಬೇಕು. ತೆರೆಯ ಮೇಲಿನವನು ಮೆಟ್ಟಿಲು ಹತ್ತಿ ಬಂದು ‘ನಾನು ಅವನನ್ನು ಕೊಂದಿಲ್ಲ’ ಎನ್ನುತ್ತಾನೆ ಎಂದುಕೊಳ್ಳಿ. ಅವನ ಏದುಸಿರು ನಿಮ್ಮ ಎದೆಯಿಂದ ಬರಬೇಕು. ಅವನ ತುಟಿ ಕೂಡಿದಲ್ಲಿ ನಿಮ್ಮ ಮಾತಿನಲ್ಲೂ ಪ, ಬ, ಮ ಅಕ್ಷರಗಳಲ್ಲಿ ಒಂದು ಬೀಳಬೇಕು. ಇಂಗ್ಲಿಷ್‌ನವನು, ಸ್ಪ್ಯಾನಿಷ್‌ನವನು ‘ಇಲ್ಲ’ವನ್ನು ಮೊದಲೇ ಹೇಳಿ ತಲೆ ಅಲ್ಲಾಡಿಸಿಬಿಡುತ್ತಾನೆ. ನಮ್ಮ ‘ಇಲ್ಲ’ ಬರುವುದು ಕಟ್ಟಕಡೆಗೆ. ತಲೆ ಅಲ್ಲಾಡಿ ಮುಗಿದ ಮೇಲೆ ‘ಇಲ್ಲ’ ಬಂದರೆ ಪ್ರೇಕ್ಷಕರು ನಗುತ್ತಾರೆ. ಆಗ ಮಾತನ್ನೇ ತಿರುಗಿಸಿ, ‘ಇಲ್ಲ, ಕೊಂದದ್ದು ನಾನಲ್ಲ’ ಎನ್ನಬೇಕು. ಇದನ್ನೆಲ್ಲ ಮಾಡುವಾಗ ಭಯವೂ ಇರಬೇಕು, ನಿಜವಾದ ಭಯ. ಇಷ್ಟರ ನಡುವೆ ಬೇರೊಬ್ಬರ ಗಂಟಲನ್ನು ಅನುಕರಿಸಲು ಬಿಡುವೆಲ್ಲಿದೆ?

ಒಮ್ಮೆ ಗುಡುಗಿನಂಥ ದನಿಯ ಹುಡುಗನೊಬ್ಬ ಬಂದಿದ್ದ. ಮಗನ ಸಾವಿನ ಸುದ್ದಿ ಕೇಳುವ ಅಪ್ಪನ ದೃಶ್ಯ ಕೊಟ್ಟೆ. ಹದಿನಾಲ್ಕು ಟೇಕ್‌ಗಳಲ್ಲೂ ಆಕಾಶವಾಣಿಯ ವಾರ್ತೆಯಂತೆ ಓದಿದ. ಅದೇ ಮಧ್ಯಾಹ್ನ, ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಬಂದ ಅಮ್ಮನೊಬ್ಬರು ಅಜ್ಜಿಯ ಪಾತ್ರಕ್ಕೆ ಬಂದರು. ದನಿ ಒಡೆದಿತ್ತು, ಶೀತ ಬೇರೆ. ಕನ್ನಡಕ ಏರಿಸಿ ಒಮ್ಮೆ ದೃಶ್ಯ ನೋಡಿದರು. ಬಳೆ ಸದ್ದು ಮಾಡುತ್ತವೆ ಎಂದು ತಾವೇ ಬಿಚ್ಚಿ ನನ್ನ ಕೈಗಿಟ್ಟು, ‘ಜೋಪಾನ ಕಣಪ್ಪ’ ಎಂದು ಮೈಕ್ ಮುಂದೆ ನಿಂತರು. ಎರಡನೆಯ ಟೇಕ್‌ಗೆ ಮುಗಿಯಿತು. ಹುಡುಗ ಬಾಗಿಲಲ್ಲೇ ನಿಂತಿದ್ದ. ಹೊರಟವರನ್ನು ತಡೆದು, ‘ಅಮ್ಮಾ, ಉಸಿರು ಎಲ್ಲಿ ತೆಗೆದುಕೊಂಡಿರಿ?’ ಎಂದು ಕೇಳಿದ. ಅವನ ನಂಬರ್ ಆಮೇಲೆ ಬರೆದುಕೊಂಡೆ.