ಗೋಡೆಯ ಥರ್ಮೋಸ್ಟಾಟ್: ಮೊದಲು ಅದರ ಬೆನ್ನು ನೋಡಿ

ಮಡಿಕೇರಿ ಕಡೆ ಗೋಡೆಗೆ ಎಲೆಕ್ಟ್ರಿಕ್ ಹೀಟರ್ ಹಾಕಿಸಿಕೊಂಡವರು ರೂಮಿನ ಬಿಸಿ ನೋಡಿಕೊಂಡು ಹೀಟರನ್ನು ಆನ್-ಆಫ್ ಮಾಡುವ ಥರ್ಮೋಸ್ಟಾಟನ್ನೂ ಆನ್‌ಲೈನ್‌ನಲ್ಲಿ ತರಿಸಿ, ‘ಇದೊಂದು ಕೂರಿಸಿಕೊಡಿ ಸಾರ್’ ಅನ್ನುತ್ತಾರೆ. ನಾನು ಮೊದಲು ನೋಡುವುದು ಅದರ ಹಿಂಬದಿಯಲ್ಲಿ ಎಷ್ಟು ಆಂಪ್ ಅಂತ ಬರೆದಿದೆ ಎಂದು.

ಎಷ್ಟೋ ಮಾಡೆಲ್‌ಗಳು 3 ಆಂಪ್, 16 ಆಂಪ್ ಎರಡರಲ್ಲೂ ಬರುತ್ತವೆ. ಎದುರಿನಿಂದ ನೋಡಿದರೆ ಗುರುತೇ ಸಿಗುವುದಿಲ್ಲ. 3 ಆಂಪಿನದು ಬಿಸಿನೀರಿನ ವಾಲ್ವ್ ತೆರೆದು ಮುಚ್ಚುವುದಕ್ಕೆ ಮಾಡಿದ್ದು. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಆ ಕರೆಂಟಿಗೆ 3 ಆಂಪಿನದರ ಒಳಗಿರುವ ರಿಲೇ, ಅಂದರೆ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್ಚಿನ ಪಾಯಿಂಟು ಕರಗಿ ಅಂಟಿಕೊಳ್ಳಬಹುದು. ಆಮೇಲೆ ಪರದೆಯಲ್ಲಿ ಆಫ್ ಅಂತಿದ್ದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಇನ್ನು 24 ವೋಲ್ಟಿನ ಥರ್ಮೋಸ್ಟಾಟ್ ತಂದಿದ್ದರೆ ಸುಮ್ನೆ ವಾಪಸ್ ಕಳಿಸಿ, ನಮ್ಮ 230 ವೋಲ್ಟ್ ಲೈನಿಗೆ ಅದು ಆಗುವುದಿಲ್ಲ.

ಅಮೆರಿಕದ ವಿಡಿಯೊ ನೋಡಿ ಕೈ ಹಾಕುವವರೂ ಇದ್ದಾರೆ. ಅಲ್ಲಿ ಕಪ್ಪು ವೈರ್ ಅಂದರೆ ಫೇಸ್ (ಕರೆಂಟ್ ತರುವ ವೈರ್). 240 ವೋಲ್ಟ್ ಹೀಟರಿಗಂತೂ ಹೋಗುವ ಎರಡೂ ವೈರ್‌ಗಳಲ್ಲಿ ಕರೆಂಟ್ ಇರುತ್ತದೆ. ನಮ್ಮಲ್ಲಿ ಕಪ್ಪು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್), ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ. ಹಳೇ ಮನೆಗಳಲ್ಲಿ ಆ ಬಣ್ಣವನ್ನೂ ನಂಬಬೇಡಿ. ಟೆಸ್ಟರ್ ಹಚ್ಚಿ ನೋಡಿ.

ಹೀಟರಿಗೆ ಡಿಬಿಯಿಂದ (ಮನೆಯ ಮೇನ್ ಬೋರ್ಡಿನಿಂದ) ಬೇರೆ ಲೈನೇ ಬೇಕು. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ. ಫೇಸ್ ಥರ್ಮೋಸ್ಟಾಟ್ ಮೂಲಕ ಹೋಗಬೇಕು. ಅರ್ಥ್ ನೇರವಾಗಿ ಹೀಟರ್ ಬಾಡಿಗೆ.

ತಂಟೆ ಬರುವುದು ನ್ಯೂಟ್ರಲ್‌ನಲ್ಲಿ. ಪರದೆ ಇರುವ ಥರ್ಮೋಸ್ಟಾಟಿಗೆ ಸಾಮಾನ್ಯವಾಗಿ ನ್ಯೂಟ್ರಲ್ ಬೇಕು. ಬರೀ ಸ್ವಿಚ್ ಇದ್ದ ಹಳೇ ಬೋರ್ಡಿಗೆ ಅದು ಬಂದೇ ಇರುವುದಿಲ್ಲ. ಆಗ ಕೆಲವರು ಹಸಿರು ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿಬಿಡುತ್ತಾರೆ. ಪರದೆ ಹೊತ್ತಿಕೊಳ್ಳುತ್ತದೆ, ಎಲ್ಲರಿಗೂ ಖುಷಿ. ಥರ್ಮೋಸ್ಟಾಟ್ ತನಗೆ ಎಳೆಯುವುದು ತೀರಾ ಕಡಿಮೆ, ಹಾಗಾಗಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಕೂಡ ಟ್ರಿಪ್ ಆಗದೇ ಇರಬಹುದು. ಮುಂದೊಂದು ದಿನ ಅರ್ಥ್ ವೈರ್ ಎಲ್ಲೋ ಕಡಿದರೆ ಥರ್ಮೋಸ್ಟಾಟ್ ಒಳಗಿಂದ ಬಂದ ಕರೆಂಟ್ ಹೀಟರಿನ ಬಾಡಿಗೇ ಇಳಿಯುತ್ತದೆ. ಗೋಡೆ ಕೊರೆದಾದರೂ ಸರಿ, ನ್ಯೂಟ್ರಲ್ ಎಳೆಸಿ.

ಹೀಟರ್ ಕೊಳ್ಳುವಾಗಲೂ ಒಂದು ವಿಷಯ ನೋಡಿಕೊಳ್ಳಿ. ರಿಮೋಟ್ ಇರುವ ಕೆಲವು ಹೀಟರ್‌ಗಳು ಕರೆಂಟ್ ಹೋಗಿ ಬಂದರೆ ತಾವಾಗಿ ಆನ್ ಆಗುವುದಿಲ್ಲ. ಥರ್ಮೋಸ್ಟಾಟ್ ಮಾಡುವುದೂ ಕರೆಂಟ್ ಕಡಿದು ಕೊಡುವ ಕೆಲಸವೇ, ಹಾಗಾಗಿ ಅಂಥದ್ದಕ್ಕೆ ಗೋಡೆಯ ಥರ್ಮೋಸ್ಟಾಟ್ ದಂಡ. ಹಳೇ ಥರದ ತಿರುಗಿಸುವ ನಾಬ್ ಇರುವ ಹೀಟರೇ ವಾಸಿ.

ಥರ್ಮೋಸ್ಟಾಟನ್ನು ಹೀಟರಿನ ನೇರ ಮೇಲೆ ಕೂರಿಸಬೇಡಿ, ರೂಮ್ ಬೆಚ್ಚಗಾಗುವ ಮೊದಲೇ ಟಕ್ ಅಂತ ಆಫ್ ಆಗುತ್ತದೆ. ಬಿಸಿಲು ಬೀಳದ ಒಳಗೋಡೆಯಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರಲಿ. ರಿಪೇರಿಗೆ ಬಿಚ್ಚುವಾಗ ಥರ್ಮೋಸ್ಟಾಟ್ ಆಫ್ ಮಾಡಿದರೆ ಸಾಲದು, ಎಂಸಿಬಿ ಇಳಿಸಿ.